ವರ್ಡ್‌ಪ್ರೆಸ್‌ನ ಸ್ವಂತ ಸೈಟ್‌ಮ್ಯಾಪ್: 2021ರಿಂದ ಬಳಸಿದ ಅನುಭವ

ಅಡಿಕೆ ಕೃಷಿಗೆ ಸಂಬಂಧಿಸಿದ ಕನ್ನಡ ಜಾಲತಾಣವೊಂದನ್ನು ನಾನು ವರ್ಡ್‌ಪ್ರೆಸ್ ಎಂಬ ಜಾಲತಾಣ ನಿರ್ವಹಣಾ ತಂತ್ರಾಂಶದಲ್ಲಿ ನೋಡಿಕೊಳ್ಳುತ್ತಿದ್ದೇನೆ. ಅದರಲ್ಲಿ ಹತ್ತು ಹನ್ನೆರಡು ಸ್ಥಿರ ಪುಟಗಳಿವೆ. ಉಳಿದದ್ದೆಲ್ಲ ಬ್ಲಾಗ್, ಸುಮಾರು 600 ಬರಹಗಳು. ಸೈಟ್‌ಮ್ಯಾಪ್ ಎಂದರೆ ಹುಡುಕು ಯಂತ್ರಗಳಿಗಾಗಿ ತಾಣದ ಪುಟಗಳ ವಿಳಾಸಗಳನ್ನು ಕೊಡುವ ಪಟ್ಟಿ. ಮೊದಲು ಅದರ ತಯಾರಿಗೆ ಬಳಸುತ್ತಿದ್ದ ಪ್ಲಗಿನ್ (ಹೆಚ್ಚುವರಿಯಾಗಿ ಸೇರಿಸುವ ತಂತ್ರಾಂಶ) ಎಲ್ಲ ಪುಟಗಳ ಮುಂದೆಯೂ ಪರಿಷ್ಕರಣೆಯ ದಿನಾಂಕವೆಂದು ಅಂದಂದಿನ ದಿನಾಂಕವನ್ನೇ ಬರೆಯುತ್ತಿತ್ತು. ಪರಿಷ್ಕರಣೆಯ ದಿನಾಂಕ ಸತತವಾಗಿ ನಿಜವೆಂದು ಕಂಡುಬಂದರೆ ಮಾತ್ರ ಗೂಗಲ್ ಅದನ್ನು ಗಣನೆಗೆ ತೆಗೆದುಕೊಳ್ಳುತ್ತದೆ. ಮಳೆಗಾಲಕ್ಕೆ ಮುನ್ನ ಬೋರ್ಡೋ ದ್ರಾವಣದ ಬರಹವನ್ನು ನಾವು ನಿಜವಾಗಿಯೇ ತಿದ್ದಿದಾಗಲೂ ಆ ಪಟ್ಟಿಯಲ್ಲಿ ಅದಕ್ಕೂ ಉಳಿದ ಬರಹಗಳಿಗೂ ವ್ಯತ್ಯಾಸವೇ ಕಾಣುತ್ತಿರಲಿಲ್ಲ.

ಆದ್ದರಿಂದ ಪ್ಲಗಿನ್ ತೆಗೆದುಹಾಕಿ, 2020ರ ಆಗಸ್ಟ್‌ನಲ್ಲಿ 5.5ನೇ ಆವೃತ್ತಿಯೊಂದಿಗೆ ಬಂದ ವರ್ಡ್‌ಪ್ರೆಸ್‌ನ ಸ್ವಂತ ಸೈಟ್‌ಮ್ಯಾಪಿಗೆ ಬದಲಾದೆ. ಆರಂಭದಲ್ಲಿ ಅದರಲ್ಲಿ ದಿನಾಂಕಗಳೇ ಇರಲಿಲ್ಲ. ಸುಳ್ಳು ದಿನಾಂಕಕ್ಕಿಂತ ಅದೇ ಮೇಲೆಂದು ಮುಂದುವರಿದೆ. 2024ರ ಏಪ್ರಿಲ್‌ನಲ್ಲಿ ಬಂದ 6.5ನೇ ಆವೃತ್ತಿ ಆ ಕೊರತೆಯನ್ನೂ ನೀಗಿಸಿತು. ಬರಹಗಳು, ಸ್ಥಿರ ಪುಟಗಳು, ವರ್ಗಗಳು ಬೇರೆ ಬೇರೆ ಕಡತಗಳಲ್ಲಿ ಇರುತ್ತವೆ, ಒಂದು ಕಡತಕ್ಕೆ 2000 ವಿಳಾಸಗಳ ಮಿತಿಯಿದೆ. ಹೀಗೆ ಪ್ರತ್ಯೇಕವಾಗಿರುವುದರಿಂದ ಯಾವ ವಿಭಾಗದ ಪುಟಗಳು ಗೂಗಲ್‌ನ ಸೂಚಿಗೆ ಸೇರಿಲ್ಲವೆಂಬುದನ್ನು ತಾಣದ ಒಡೆಯರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಎಂಬ ಸಾಧನದಲ್ಲಿ ಸುಲಭವಾಗಿ ಪತ್ತೆಹಚ್ಚಬಹುದು.

ಆದರೆ ಅದನ್ನು ಬಂದ ಹಾಗೆಯೇ ಬಿಡಬಾರದು. ಟ್ಯಾಗ್ (ಬರಹಕ್ಕೆ ಅಂಟಿಸುವ ವಿಷಯಸೂಚಕ ಪದ) ಪುಟಗಳೂ ಲೇಖಕರ ಪುಟಗಳೂ ತಾವಾಗಿಯೇ ಪಟ್ಟಿಗೆ ಸೇರುತ್ತವೆ. ಒಂದೇ ಬರಹವಿರುವ ಟ್ಯಾಗ್ ಪುಟದಿಂದ ಓದುಗನಿಗೆ ಹೊಸದೇನೂ ಸಿಗುವುದಿಲ್ಲ. ಲೇಖಕರ ಪುಟದ ವಿಳಾಸದಲ್ಲಿಯಂತೂ ಅನೇಕ ಸಲ ಲಾಗಿನ್ ಹೆಸರೇ ಕಾಣಿಸಿಕೊಳ್ಳುತ್ತದೆ. ಇವೆರಡನ್ನೂ ಕೈಬಿಡಲು ಥೀಮಿನ ಫಂಕ್ಷನ್ಸ್ ಕಡತದಲ್ಲಿ ಕೆಲವು ಸಾಲು ಕೋಡ್ ಬರೆಯಬೇಕಾಯಿತು. ಸೆಟ್ಟಿಂಗ್ಸ್‌ನಲ್ಲಿ ಒಂದು ಟಿಕ್ ಗುರುತಿನಿಂದ ಮುಗಿಯಬೇಕಾದ ಕೆಲಸಕ್ಕೆ ಕೋಡ್ ಬೇಕೆನ್ನುವುದು, ಬರವಣಿಗೆಯನ್ನಷ್ಟೇ ಬಲ್ಲವರಿಗೆ ದೊಡ್ಡ ಅಡ್ಡಿಯೆಂದೇ ನನ್ನ ಅಭಿಪ್ರಾಯ.

ಕನ್ನಡದಲ್ಲಿ ಬರೆಯುವವರು ಸೈಟ್‌ಮ್ಯಾಪನ್ನು ಒಮ್ಮೆ ತೆರೆದು ವಿಳಾಸಗಳನ್ನು ಓದಿ ನೋಡಬೇಕು. ಕನ್ನಡದ ಒಂದೊಂದು ಅಕ್ಷರವೂ, ಅಂತೆಯೇ ಒಂದೊಂದು ಸ್ವರಚಿಹ್ನೆಯೂ, ವಿಳಾಸದಲ್ಲಿ ಶೇಕಡಾ ಚಿಹ್ನೆಗಳ ಸಂಕೇತರೂಪಕ್ಕೆ ತಿರುಗಿದಾಗ 9 ಸ್ಥಾನಗಳನ್ನು ಆಕ್ರಮಿಸುತ್ತದೆ. ವರ್ಡ್‌ಪ್ರೆಸ್ ಬರಹದ ವಿಳಾಸಕ್ಕೆ ಕೊಡುವುದು 200 ಸ್ಥಾನಗಳನ್ನು ಮಾತ್ರ. ‘ಮಲೆನಾಡಿನ ಅಡಿಕೆ ತೋಟದಲ್ಲಿ ಕೊಳೆರೋಗ ತಡೆಯುವುದು ಹೇಗೆ’ ಎಂಬ ಶೀರ್ಷಿಕೆ ‘ಮಲೆನಾಡಿನ-ಅಡಿಕೆ-ತೋಟದಲ್ಲಿ’ ಎಂಬಲ್ಲಿಗೇ ನಿಂತುಬಿಡುತ್ತದೆ. ರೈತರು ಹುಡುಕುವ ‘ಕೊಳೆರೋಗ’ ಎಂಬ ಪದವೇ ವಿಳಾಸದಲ್ಲಿ ಉಳಿಯುವುದಿಲ್ಲ. ಆದುದರಿಂದ ಪ್ರಕಟಿಸುವ ಮೊದಲೇ ‘ಕೊಳೆರೋಗ-ತಡೆ’ ಎಂಬಂತಹ ಚಿಕ್ಕ ಸ್ಲಗ್ (ವಿಳಾಸದಲ್ಲಿ ಬರಹವನ್ನು ಗುರುತಿಸುವ ಭಾಗ) ಅನ್ನು ನಾನೇ ಬರೆಯುತ್ತೇನೆ. ಈಗಾಗಲೇ ಪ್ರಕಟವಾಗಿ ಹತ್ತಾರು ಜನ ಹಂಚಿಕೊಂಡಿರುವ ಹಳೆಯ ವಿಳಾಸಗಳನ್ನು ಮಾತ್ರ ಮುಟ್ಟಿಲ್ಲ.