ನರ್ಸಿಂಗ್ ತರಗತಿಗೆ ಮುಕ್ತ ಪರವಾನಗಿಯ ಪಾಠಸಾಮಗ್ರಿ: ಬಳಸಿ ನೋಡಿದ ನಾಲ್ಕು ಮೂಲಗಳ ಹೋಲಿಕೆ

ಬಿಎಸ್ಸಿ ನರ್ಸಿಂಗ್ ಮೊದಲ ವರ್ಷದವರಿಗೆ ಅಂಗರಚನೆ ಮತ್ತು ಶರೀರಕ್ರಿಯೆಯ ಪಾಠ ಹೇಳುವ ನಾನು, ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗಳಿಗಾಗಿ ಇಂಗ್ಲಿಷ್ ಪಾರಿಭಾಷಿಕ ಪದಗಳನ್ನು ಉಳಿಸಿಕೊಂಡು ವಿವರಣೆಯನ್ನು ಕನ್ನಡದಲ್ಲಿ ಕೊಡುವ ಟಿಪ್ಪಣಿಗಳನ್ನು ಎರಡು ವರ್ಷಗಳಿಂದ ಸಿದ್ಧಪಡಿಸುತ್ತಿದ್ದೇನೆ. ಅವನ್ನು ಬೇರೆ ಕಾಲೇಜಿನ ಶಿಕ್ಷಕರೂ ಪಡೆದು, ತಿದ್ದಿ, ಮುದ್ರಿಸಿ ಹಂಚುವಂತಿರಬೇಕು ಎಂಬುದು ಮೊದಲಿನಿಂದ ಇದ್ದ ಆಸೆ. ಅದಕ್ಕೆ ಒದಗಬಹುದಾದ ನಾಲ್ಕು ಮೂಲಗಳನ್ನು (ಓಪನ್‌ಸ್ಟ್ಯಾಕ್ಸ್‌ನ ಉಚಿತ ಪಠ್ಯಪುಸ್ತಕ, ಕ್ಷ-ಕಿರಣ ಚಿತ್ರಗಳ ತಾಣವೊಂದು, ವಿಕಿಮೀಡಿಯಾ ಕಾಮನ್ಸ್ ಎಂಬ ಚಿತ್ರಭಂಡಾರ, ಗ್ರೇಸ್ ಅನಾಟಮಿ ಎಂಬ ಹಳೆಯ ಅಂಗರಚನೆಯ ಗ್ರಂಥ) ಬಳಸಿ ನೋಡಿದ್ದೇನೆ; ಅವುಗಳಲ್ಲಿ ಓಪನ್‌ಸ್ಟ್ಯಾಕ್ಸ್ ಪಠ್ಯಪುಸ್ತಕವೇ ನನ್ನ ಕೆಲಸಕ್ಕೆ ಒಗ್ಗಿತು. ಅಷ್ಟು ತಿಳಿಯುವ ಹೊತ್ತಿಗೆ ಉಸಿರಾಟದ ವ್ಯೂಹವನ್ನು ಕುರಿತ ನಲವತ್ತು ಪುಟಗಳ ಟಿಪ್ಪಣಿಯೊಂದನ್ನು ಹಂಚದೆ ಮಡಚಿಡಬೇಕಾಗಿ ಬಂದಿತ್ತು.

ತಪ್ಪು ನನ್ನದೇ. ಶ್ವಾಸಕೋಶದ ಪಾಲಿಗಳು (ಲೋಬ್‌ಗಳು) ಎದೆಯ ಎಕ್ಸ್‌ರೇಯಲ್ಲಿ ಎಲ್ಲಿ ಕಾಣುತ್ತವೆ ಎಂದು ತೋರಿಸಲು, ಕ್ಷ-ಕಿರಣ ಚಿತ್ರಗಳ ತಾಣವೊಂದರಿಂದ ಎಕ್ಸ್‌ರೇ ತೆಗೆದುಕೊಂಡು, ಅದರ ಮೇಲೆ ವಿಕಿಮೀಡಿಯಾ ಕಾಮನ್ಸ್‌ನ ಶ್ವಾಸಕೋಶದ ರೇಖಾಚಿತ್ರವನ್ನು ತೆಳುವಾಗಿ ಹೊಂದಿಸಿದೆ. ಎರಡೂ ಕ್ರಿಯೇಟಿವ್ ಕಾಮನ್ಸ್ (ಸಿಸಿ) ಪರವಾನಗಿಯವು, ಎಂದರೆ ಕೆಲವು ಷರತ್ತಿನ ಮೇಲೆ ಯಾರು ಬೇಕಾದರೂ ಬಳಸಬಹುದಾದವು, ಆದ್ದರಿಂದ ತೊಂದರೆಯಿಲ್ಲ ಎಂದುಕೊಂಡಿದ್ದೆ. ಎಕ್ಸ್‌ರೇಯ ಪರವಾನಗಿ ಸಿಸಿ ಬಿವೈ-ಎನ್‌ಸಿ-ಎಸ್ಎ, ಎಂದರೆ ಹೆಸರು ಹೇಳಬೇಕು, ವಾಣಿಜ್ಯಕ್ಕೆ ಬಳಸಬಾರದು, ಅದರಿಂದ ಹುಟ್ಟಿದ್ದನ್ನು ಅದೇ ಷರತ್ತಿನಲ್ಲಿ ಹಂಚಬೇಕು. ರೇಖಾಚಿತ್ರದ್ದು ಸಿಸಿ ಬಿವೈ-ಎಸ್ಎ. ಅಲ್ಲಿಯೂ ಅದೇ ಷರತ್ತಿನಲ್ಲಿ ಹಂಚುವ ಕರಾರು ಇದೆ, ಆದರೆ ವಾಣಿಜ್ಯಕ್ಕೆ ನಿಷೇಧವಿಲ್ಲ. ಎರಡನ್ನೂ ಬೆರೆಸಿ ಮಾಡಿದ ಚಿತ್ರವನ್ನು ಮೊದಲನೆಯ ಷರತ್ತಿನಲ್ಲಿ ಕೊಟ್ಟರೆ ಎರಡನೆಯದು ಮುರಿಯುತ್ತದೆ, ಎರಡನೆಯದರಲ್ಲಿ ಕೊಟ್ಟರೆ ಮೊದಲನೆಯದು. ಅವು ಬೇರೆ ಬೇರೆ ಚಿತ್ರಗಳಾಗಿ, ತಮ್ಮ ತಮ್ಮ ಪರವಾನಗಿಯೊಡನೆ ಅಕ್ಕಪಕ್ಕದ ಪುಟಗಳಲ್ಲಿ ಇದ್ದಿದ್ದರೆ ಯಾವ ತಕರಾರೂ ಇರುತ್ತಿರಲಿಲ್ಲ. ಒಂದರೊಳಗೊಂದು ಬೆರೆತದ್ದೇ ತೊಡಕಾಯಿತು. ಅಂಥ ಹನ್ನೊಂದು ಚಿತ್ರಗಳು ಆ ಟಿಪ್ಪಣಿಯಲ್ಲಿ ಇದ್ದವು.

ವಾಣಿಜ್ಯೇತರ ಎಂಬ ಮಾತು ಇನ್ನೊಂದು ಬಗೆಯಲ್ಲಿಯೂ ಕಾಡಿತು. ನಮ್ಮ ವಿದ್ಯಾರ್ಥಿಗಳು ಟಿಪ್ಪಣಿಯನ್ನು ಮೊಬೈಲಿನಲ್ಲಿ ಓದುವುದು ಕಡಿಮೆ. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರತಿ ಮಾಡಿಸಿಕೊಳ್ಳುತ್ತಾರೆ. ಪುಟಕ್ಕಿಷ್ಟು ಎಂದು ಹಣ ಪಡೆಯುವ ಅಂಗಡಿಯವರು ಷರತ್ತು ಮುರಿದಂತಾಗುತ್ತದೆಯೇ? ಅಮೆರಿಕದಲ್ಲಿ ಶಾಲಾ ಪಾಠಸಾಮಗ್ರಿ ಪ್ರಕಟಿಸುವ ಗ್ರೇಟ್ ಮೈಂಡ್ಸ್ ಎಂಬ ಸಂಸ್ಥೆ ನಕಲು ತೆಗೆದುಕೊಡುವ ಫೆಡೆಕ್ಸ್ ಆಫೀಸ್ ಎಂಬ ಕಂಪನಿಯ ಮೇಲೆ ಇದೇ ಪ್ರಶ್ನೆ ಎತ್ತಿ ಮೊಕದ್ದಮೆ ಹೂಡಿತ್ತು. ಶಾಲೆಗಳ ಕೋರಿಕೆಯಂತೆ ಹಣ ಪಡೆದು ನಕಲು ತೆಗೆದುಕೊಡುವುದು ವಾಣಿಜ್ಯೇತರ ಕರಾರಿನ ಉಲ್ಲಂಘನೆಯಲ್ಲ ಎಂದು 2018ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ಆ ತೀರ್ಪು ನಮ್ಮ ದೇಶದ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲವಾದರೂ ಜೆರಾಕ್ಸಿನ ಮಟ್ಟಿಗೆ ನನಗೆ ಸಮಾಧಾನವಾಯಿತು. ಆದರೆ ಸ್ಟಾಫ್ ನರ್ಸ್ ನೇಮಕಾತಿ ಪರೀಕ್ಷೆಗೆ ಶುಲ್ಕ ಪಡೆದು ತರಬೇತಿ ಕೊಡುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, "ನಿಮ್ಮ ಟಿಪ್ಪಣಿಯನ್ನು ನಮ್ಮ ಪುಸ್ತಕದಲ್ಲಿ ಸೇರಿಸಿಕೊಳ್ಳಲೇ?" ಎಂದು ಕೇಳಿದಾಗ ಬೇಡವೆನ್ನಬೇಕಾಯಿತು. ಅವಳ ತರಗತಿಗೆ ಬರುವವರೂ ನಾನು ಯಾರಿಗಾಗಿ ಬರೆದೆನೋ ಅಂಥವರೇ.

ಓಪನ್‌ಸ್ಟ್ಯಾಕ್ಸ್ ಪುಸ್ತಕದಲ್ಲಿ ಈ ರಗಳೆ ಬಹುಮಟ್ಟಿಗೆ ಇಲ್ಲ. ಅಮೆರಿಕದ ಹ್ಯೂಸ್ಟನ್ ನಗರದ ರೈಸ್ ವಿಶ್ವವಿದ್ಯಾಲಯದಿಂದ ಬರುವ ಈ ಅಂಗರಚನೆ ಮತ್ತು ಶರೀರಕ್ರಿಯೆಯ ಪಠ್ಯಪುಸ್ತಕ 2013ರಲ್ಲಿ ಮೊದಲು ಹೊರಬಂದು, 2022ರಲ್ಲಿ ಪರಿಷ್ಕೃತವಾಯಿತು. ಒಟ್ಟು 28 ಅಧ್ಯಾಯಗಳಿವೆ. ನಾನು ಇಳಿಸಿಕೊಂಡ ಪ್ರತಿ ಸಿಸಿ ಬಿವೈ 4.0 ಪರವಾನಗಿಯದು: ಮೂಲವನ್ನು ಹೆಸರಿಸಿ, ಬದಲಾವಣೆ ಮಾಡಿದ್ದೇನೆಂದು ತಿಳಿಸಿದರೆ ಅನುವಾದಿಸಬಹುದು, ಕತ್ತರಿಸಬಹುದು, ಬೇಕಾದರೆ ಮಾರಲೂಬಹುದು. ಮುದ್ರಿಸಿ ಹಂಚುವುದಾದರೆ ಪುಸ್ತಕವು ಉಚಿತವಾಗಿ ಎಲ್ಲಿ ಸಿಗುತ್ತದೆಂಬ ಸಾಲು ಪ್ರತಿ ಪುಟದಲ್ಲೂ ಇರಬೇಕೆಂದು ಅವರು ಕೇಳುತ್ತಾರೆ. ಅದನ್ನು ಪುಟದ ಅಡಿಬರಹದಲ್ಲಿ ಒಮ್ಮೆ ಹಾಕಿದರೆ ಮುಗಿಯಿತು. ಅವರ ಹೆಸರಿನ ಲಾಂಛನಕ್ಕೂ ಮುಖಪುಟಕ್ಕೂ ಈ ಪರವಾನಗಿ ಅನ್ವಯಿಸುವುದಿಲ್ಲ, ಅವನ್ನು ಮುಟ್ಟಬಾರದು.

ಮೆಚ್ಚಿದ ಪುಸ್ತಕವೆಂದು ಕೊರತೆಯನ್ನು ಮುಚ್ಚಿಡುವುದಿಲ್ಲ. ಅಂಗಾಂಶಗಳ ಸೂಕ್ಷ್ಮದರ್ಶಕ ಚಿತ್ರಗಳಲ್ಲಿ ಹಲವಕ್ಕೆ ಮಿಶಿಗನ್ ವಿಶ್ವವಿದ್ಯಾಲಯದ ಹಕ್ಕುಸ್ವಾಮ್ಯದ ಸೂಚನೆ ಪ್ರತ್ಯೇಕವಾಗಿದೆ. ಪುಸ್ತಕದ ಪರವಾನಗಿಯನ್ನು ನೋಡಿದ ಮೇಲೂ ಪ್ರತಿ ಚಿತ್ರದ ಅಡಿಯ ಸಾಲನ್ನು ಓದಲೇಬೇಕು. ಉದಾಹರಣೆಗಳೆಲ್ಲ ಅಮೆರಿಕದ ವಿದ್ಯಾರ್ಥಿಯನ್ನು ಮನಸ್ಸಿನಲ್ಲಿಟ್ಟು ಬರೆದವು. ರಕ್ತಹೀನತೆಯ ಭಾಗದಲ್ಲಿ ನಮ್ಮ ಹಳ್ಳಿಯ ಗರ್ಭಿಣಿಯ ಊಟ, ಕಬ್ಬಿಣಾಂಶದ ಮಾತ್ರೆ ಇವನ್ನೆಲ್ಲ ನಾನೇ ಸೇರಿಸಿದೆ.

ವಿಕಿಮೀಡಿಯಾ ಕಾಮನ್ಸ್ 2004ರಿಂದ ಇದೆ. ವಾಣಿಜ್ಯ ಬಳಕೆಯನ್ನು ನಿಷೇಧಿಸುವ ಪರವಾನಗಿಯ ಕಡತಗಳನ್ನು ಅಲ್ಲಿ ಸ್ವೀಕರಿಸುವುದೇ ಇಲ್ಲವಾದ್ದರಿಂದ, ಮೇಲೆ ಹೇಳಿದ ಗೋಜಲಿನ ಅರ್ಧಭಾಗ ಅಲ್ಲಿ ಹುಟ್ಟುವುದಿಲ್ಲ. ಎಸ್‌ವಿಜಿ ರೂಪದ (ಗೆರೆ, ಪದಗಳನ್ನು ಬೇರೆ ಬೇರೆಯಾಗಿ ತಿದ್ದಬಹುದಾದ) ಚಿತ್ರಗಳಲ್ಲಿ ಇಂಗ್ಲಿಷ್ ಪದ ಅಳಿಸಿ ಕನ್ನಡ ಪದ ಕೂರಿಸಬಹುದು ಎಂಬುದು ದೊಡ್ಡ ಅನುಕೂಲ. ಆದರೆ ‘ಮಹಾಪಧಮನಿ’ಯಂಥ ಪದ ‘ಅಯೋರ್ಟ’ ಇದ್ದ ಜಾಗಕ್ಕೆ ಹಿಡಿಸುವುದಿಲ್ಲ, ಒತ್ತಕ್ಷರವಿರುವ ಪದಗಳಲ್ಲಿ ಕೆಳಗಿನ ಒತ್ತು ಗೆರೆಯನ್ನು ದಾಟಿ ಮುಂದಿನ ಪದಕ್ಕೆ ತಾಗುತ್ತದೆ. ಒಂದು ಚಿತ್ರಕ್ಕೆ ಒಂದು ಸಂಜೆ ಬೇಕು.

ನಾಲ್ಕನೆಯದು ಹಳೆಯ ಗ್ರೇಸ್ ಅನಾಟಮಿ, ಅಮೆರಿಕದಲ್ಲಿ 1918ರಲ್ಲಿ ಅಚ್ಚಾಗಿ ಅಲ್ಲಿ ಹಕ್ಕುಸ್ವಾಮ್ಯದಿಂದ ಹೊರಬಂದಿರುವ ಆವೃತ್ತಿ. 1858ರ ಮೊದಲ ಮುದ್ರಣಕ್ಕೆ ಚಿತ್ರ ಬರೆದ ಹೆನ್ರಿ ವ್ಯಾಂಡೈಕ್ ಕಾರ್ಟರ್ ಅದೇ ವರ್ಷ ಭಾರತಕ್ಕೆ ಬಂದು ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳಿದವರು ಎಂದು ತರಗತಿಯಲ್ಲಿ ಹೇಳುವುದು ನನಗೆ ಇಷ್ಟ. ಮೂಳೆಗಳಿಗೆ ಇಂದಿಗೂ ಆ ರೇಖೆಗಳೇ ಚೆಂದ. ರಕ್ತನಾಳಗಳಿಗೆ ಮಾತ್ರ ಬೇಡ: ಈಗ ಬ್ರೇಕಿಯೋಸೆಫಾಲಿಕ್ ಟ್ರಂಕ್ ಎಂದು ಕಲಿಯುವ ನಾಳವನ್ನು ಅಲ್ಲಿ ಇನಾಮಿನೇಟ್ ಎಂದು ಕರೆದಿದೆ, ಅದನ್ನು ಓದಿದವರು ಪರೀಕ್ಷೆಯಲ್ಲಿ ಹಾಗೆಯೇ ಬರೆದಾರು.

ರೋಗಿಯ ಮುಖ ಕಾಣುವ ಚಿತ್ರಗಳನ್ನು ಎಲ್ಲಿಂದಲೂ ತೆಗೆದುಕೊಳ್ಳುವುದಿಲ್ಲ. ಮುಕ್ತ ಪರವಾನಗಿಯು ಛಾಯಾಚಿತ್ರದ ಹಕ್ಕನ್ನು ಕೊಡುತ್ತದೆಯೇ ಹೊರತು ರೋಗಿಯ ಒಪ್ಪಿಗೆಯನ್ನಲ್ಲ.

ಚಿತ್ರಕಾರರಿಗೆ ಕೊಡಲು ಹಣವಿಲ್ಲದ, ರಾತ್ರಿ ಊಟದ ನಂತರದ ಎರಡು ಗಂಟೆಯಲ್ಲಿ ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶದಲ್ಲಿ ಕೆಲಸ ಮುಗಿಸಬೇಕಾದ ನನಗೆ ಷರತ್ತುಗಳನ್ನು ಪ್ರತಿ ಸಲ ತೂಗಿ ನೋಡುವ ವ್ಯವಧಾನವಿಲ್ಲ. ಆದ್ದರಿಂದ ಪಠ್ಯಕ್ಕೆ ಓಪನ್‌ಸ್ಟ್ಯಾಕ್ಸ್, ಮೂಳೆಗಳಿಗೆ ಗ್ರೇ, ಅನಿವಾರ್ಯವಾದಲ್ಲಿ ಮಾತ್ರ ಕಾಮನ್ಸ್ ಎಂದು ಗೊತ್ತುಮಾಡಿಕೊಂಡಿದ್ದೇನೆ. ವಿಕಿರಣಶಾಸ್ತ್ರ ಕಲಿಸುವವರಾದರೆ ಅವರ ಲೆಕ್ಕ ಬೇರೆಯಾದೀತು. ಮಡಚಿಟ್ಟ ಟಿಪ್ಪಣಿಯನ್ನು ಈಗ ಮತ್ತೆ ತೆರೆದಿದ್ದೇನೆ. ಆ ಹನ್ನೊಂದು ಚಿತ್ರಗಳಿದ್ದ ಜಾಗದಲ್ಲಿ ಎಕ್ಸ್‌ರೇ ತಾಣದ ಕೊಂಡಿಯನ್ನಷ್ಟೇ ಕೊಟ್ಟು, ಪಾಲಿಗಳ ಗೆರೆಗಳನ್ನು ತರಗತಿಯ ಪರದೆಯ ಮೇಲೆ ಬೆರಳಿನಿಂದ ತೋರಿಸುತ್ತೇನೆ.