ಹಸೆಮಣೆಯ ಅಕ್ರಿಲಿಕ್ ಬಣ್ಣ ಸೀರೆಗೆ ತಾಗಿದರೆ ಒಣಗಲು ಬಿಡಬೇಡಿ, ನಾನು ಬಿಟ್ಟು ಕೆಟ್ಟೆ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಬಟ್ಟೆಗೆ ಈಗಷ್ಟೇ ಅಕ್ರಿಲಿಕ್ ಬಣ್ಣ ತಾಗಿದ್ದರೆ ಎದ್ದು ಹೋಗಿ ತಣ್ಣೀರಿನ ನಲ್ಲಿ ಕೆಳಗೆ ಹಿಡಿಯಿರಿ. ಉಳಿದದ್ದು ಆಮೇಲೆ ಓದಿದರಾಯ್ತು.

ಹೋದ ವರ್ಷ ಮೈಸೂರಿನಲ್ಲಿ ನನ್ನ ತಂಗಿಯ ಮದುವೆ. ಬಣ್ಣ ಹಚ್ಚಿದ ರೆಡಿ ಹಸೆಮಣೆಗಳ ರೇಟ್ ಕೇಳಿ ಗಾಬರಿಯಾಗಿ, ಇಷ್ಟಕ್ಕೆಲ್ಲ ಅಷ್ಟು ದುಡ್ಡು ಯಾಕೆ ಅಂತ ಬಡಗಿ ಹತ್ತಿರ ಎರಡು ಬರೀ ಮಣೆ ಮಾಡಿಸಿಕೊಂಡು ಬಂದು ನಾನೇ ಕೂತೆ. ಕೆಂಪು ಬಣ್ಣ ಬಳಿದು, ಮೇಲೆ ಜೋಡಿ ಗಿಣಿ, ಕಮಲ, ಸುತ್ತ ಬಳ್ಳಿ. ಕೊನೆಗೆ ಗಿಣಿಯ ಕುತ್ತಿಗೆಗೆ ಮುತ್ತಿನ ಸರ ಇರಲಿ ಅಂತ ಗಟ್ಟಿ ಬಿಳಿ ಬಣ್ಣವನ್ನು ಮೆಹಂದಿ ಕೋನ್‌ನಂಥದ್ದರಲ್ಲಿ ತುಂಬಿ ಚುಕ್ಕಿ ಇಟ್ಟೆ. ಒಂದೊಂದೂ ಸಾಬಕ್ಕಿ ಕಾಳಿನಷ್ಟು ದಪ್ಪ. ಇದೆಲ್ಲ ಮುಗಿದದ್ದು ದೇವರ ಸಮಾರಾಧನೆಯ ದಿನ ಮಧ್ಯಾಹ್ನ. ಸಂಜೆ ಛತ್ರಕ್ಕೆ ಹೊರಡಬೇಕು.

ಬೆರಳಿಟ್ಟು ನೋಡಿದೆ, ಒಣಗಿತ್ತು. ಅಂದರೆ ಮೇಲೆ ಒಣಗಿತ್ತು. ಮಾಳಿಗೆ ಮೇಲೆ ಹಾಕಿದ ಸಂಡಿಗೆ ಮೊದಲ ದಿನ ಹೇಗಿರುತ್ತೆ, ಮೇಲೆ ಗರಿಗರಿ ಒಳಗೆ ಹಸಿ, ಹಾಗೆ. ಅಕ್ರಿಲಿಕ್ ತೆಳ್ಳಗೆ ಬಳಿದರೆ ಅರ್ಧ ಗಂಟೆಯೊಳಗೆ ಕೈಗೆ ಅಂಟುವುದಿಲ್ಲ ನಿಜ, ಆದರೆ ಗುಡ್ಡೆ ಹಾಕಿದ ಬಣ್ಣಕ್ಕೆ ಒಂದು ದಿನವೂ ಸಾಲದೆ ಹೋಗಬಹುದು. ನನಗೆ ಅದು ಗೊತ್ತಿರಲಿಲ್ಲ. ಅಮ್ಮನ ಕನಕಾಂಬರ ಬಣ್ಣದ ಮೈಸೂರು ಸಿಲ್ಕ್ ಉಟ್ಟು, ಮಣೆಯನ್ನು ಎತ್ತಿ ಹೊಟ್ಟೆಗೆ ಒತ್ತಿಕೊಂಡು, ಮೆಟ್ಟಿಲಿಳಿದು ಕಾರಿನವರೆಗೂ ಹೊತ್ತುಕೊಂಡು ಹೋದೆ. ಮಣೆ ಇಳಿಸಿ ನೋಡುತ್ತೇನೆ, ನೆರಿಗೆಯ ಮೇಲೆ ಅಚ್ಚೊತ್ತಿದ ಹಾಗೆ ಸಾಲಾಗಿ ಬಿಳಿ ಚುಕ್ಕಿ. ಏಳು.

ಆಗ ಮನೆಯೊಳಗೆ ಓಡಿ ನೀರಿಗೆ ಹಿಡಿದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ನನ್ನ ತಲೆಯಲ್ಲಿ ಎರಡು ಪಾಠ ಕೂತಿದ್ದವು. ಒಂದು, ರೇಷ್ಮೆಗೆ ನೀರು ತಾಗಿಸಬಾರದು. ಎರಡು, ಕೆಸರು ಹತ್ತಿದರೆ ಒಣಗಲು ಬಿಟ್ಟು ಆಮೇಲೆ ಉದುರಿಸಬೇಕು. ಎರಡೂ ತಪ್ಪಲ್ಲ, ಇಲ್ಲಿ ಮಾತ್ರ ಎರಡೂ ಕೈಕೊಟ್ಟವು. ಈ ಬಣ್ಣ ಅಂದರೆ ನೀರಿನಲ್ಲಿ ತೇಲುವ ಪ್ಲಾಸ್ಟಿಕ್ಕಿನ ಸಣ್ಣ ಕಣಗಳು, ಜೊತೆಗೆ ಬಣ್ಣದ ಪುಡಿ. ನೀರು ಆರುತ್ತಿದ್ದ ಹಾಗೆ ಕಣಗಳು ಒಂದಕ್ಕೊಂದು ಅಂಟಿಕೊಂಡು ಪದರವಾಗುತ್ತವೆ. ಫೆವಿಕಾಲ್ ನೆನಪು ಮಾಡಿಕೊಳ್ಳಿ. ಹಸಿ ಇದ್ದಾಗ ಕೈ ತೊಳೆದರೆ ಹೋಗುತ್ತೆ, ಒಣಗಿದ ಮೇಲೆ ಸಿಪ್ಪೆ ಹಾಗೆ ಸುಲಿಯಬೇಕು. ಬೆರಳಿನಿಂದಾದರೆ ಸುಲಿಯಬಹುದು. ಎಳೆಗಳ ಮಧ್ಯೆ ಇಳಿದು ಅಲ್ಲೇ ಗಟ್ಟಿಯಾದ ಮೇಲೆ ಯಾವುದನ್ನು ಸುಲಿಯುವುದು? ರೇಷ್ಮೆಗೆ ನೀರಿನ ಕಲೆ ಆದರೆ ಆಗಲಿ, ಅದಕ್ಕೆ ಸಾಮಾನ್ಯವಾಗಿ ಏನಾದರೂ ದಾರಿ ಇರುತ್ತೆ.

ಮದುವೆ ಮುಗಿದು ನಾಲ್ಕನೇ ದಿನ ಸೀರೆ ಹಿಡಿದು ಕೂತೆ. ಬಿಸಿನೀರಲ್ಲಿ ಸೋಪು ಕಲಸಿ, ಹಳೇ ಟೂತ್ ಬ್ರಷ್‌ನಿಂದ ಉಜ್ಜಿದೆ. ಚುಕ್ಕಿ ಅಲ್ಲಾಡಲಿಲ್ಲ. ಅದರ ಸುತ್ತ ಇದ್ದ ರೇಷ್ಮೆ ಮಾತ್ರ ಹೊಳಪು ಕಳೆದುಕೊಂಡು ಜುಂಗು ಜುಂಗಾಗಿ ಮಂಕಾಯಿತು. ಒದ್ದೆ ರೇಷ್ಮೆ ಒಣಗಿದ್ದಕ್ಕಿಂತ ಬಲ ಕಡಿಮೆ, ಅದರ ಮೇಲೆ ಬ್ರಷ್ ಆಡಿಸಬಾರದು ಅಂತ ಯಾರಾದರೂ ಮೊದಲೇ ಹೇಳಬಾರದಿತ್ತಾ! ಈಗ ನಾನು ಹೇಳುತ್ತಿದ್ದೇನೆ.

ಆಮೇಲೆ ಯಾವುದೋ ವಿಡಿಯೋ ನೋಡಿ ನೇಲ್ ಪಾಲಿಶ್ ರಿಮೂವರ್ ತಂದೆ. ಹತ್ತಿಯಲ್ಲಿ ಅದ್ದಿ ಒಂದು ಚುಕ್ಕಿಯ ಮೇಲೆ ಇಟ್ಟೆ. ಕರಗಿತು! ಖುಷಿಯಲ್ಲಿ ಒರೆಸಿದೆ. ಕರಗಿದ ಬಿಳಿ ಎಲ್ಲಿಗೂ ಹೋಗಿರಲಿಲ್ಲ, ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಸುಣ್ಣ ಬಳಿದ ಹಾಗೆ ಹರಡಿ ಕೂತಿತ್ತು, ಜೊತೆಗೆ ಸೀರೆಯ ಕನಕಾಂಬರ ಬಣ್ಣವೂ ಸ್ವಲ್ಪ ಹತ್ತಿಗೆ ಬಂದಿತ್ತು. ಇಷ್ಟಕ್ಕೇ ನಿಲ್ಲಿಸಿದೆನಾ? ಇಲ್ಲ. ತಮ್ಮನ ಕೋಟಿನ ಒಳಬಟ್ಟೆಗೂ ಅದೇ ಬಣ್ಣ ಒಂದು ಹನಿ ಬಿದ್ದಿತ್ತು, ಅದಕ್ಕೂ ಹಾಕಿದೆ. ಬಟ್ಟೆ ಮುದುಡಿ, ಅಂಟಂಟಾಗಿ, ಎಳೆದರೆ ತೂತು. ಲೇಬಲ್ ಓದಿದರೆ ಅಸಿಟೇಟ್ ಅಂತಿದೆ. ಅಸಿಟೇಟ್ ಬಟ್ಟೆ ಅಸಿಟೋನ್‌ನಲ್ಲಿ ಕರಗಿಹೋಗುತ್ತೆ, ಬಹಳಷ್ಟು ರಿಮೂವರ್‌ಗಳಲ್ಲಿ ಇರುವುದೇ ಅಸಿಟೋನ್. ಆದ್ದರಿಂದ ಲೇಬಲ್ ಓದದೆ, ಕಾಣದ ಮೂಲೆಯಲ್ಲಿ ಒಂದು ಹನಿ ಹಾಕಿ ನೋಡದೆ ಆ ಬಾಟಲಿ ಮುಟ್ಟಬೇಡಿ. ತಮ್ಮ ಏನಂದ ಅಂತ ಇಲ್ಲಿ ಬರೆಯುವ ಹಾಗಿಲ್ಲ.

ಕೊನೆಗೆ ಡ್ರೈಕ್ಲೀನಿಂಗ್ ಅಂಗಡಿ. ನನ್ನ ಮರ್ಯಾದೆ ಉಳಿಯಲಿ ಅಂತ ಏನೇನು ಹಾಕಿ ಉಜ್ಜಿದ್ದೆ ಅಂತ ಹೇಳಲಿಲ್ಲ, ಬಣ್ಣ ಅಂದೆ ಅಷ್ಟೇ. ಅವರೂ ಯಾವ ಬಣ್ಣ ಅಂತ ಕೇಳಲಿಲ್ಲ. ರಸೀದಿಯ ಹಿಂದೆ ಕಲೆಗೆ ಜವಾಬ್ದಾರಿ ಇಲ್ಲ ಅಂತ ಮೊದಲೇ ಅಚ್ಚಾಗಿತ್ತು. ವಾಪಸ್ ಬಂದಾಗ ಸೀರೆ ನೀಟಾಗಿ ಇಸ್ತ್ರಿಯಾಗಿತ್ತು, ಚುಕ್ಕಿಗಳೂ ಇಸ್ತ್ರಿಯಾಗಿದ್ದವು, ಚಪ್ಪಟೆಯಾಗಿ ಹೊಳೆಯುತ್ತಿದ್ದವು. ಬಟ್ಟೆ ಮೇಲೆ ಚಿತ್ರ ಬರೆಯುವವರು ಬಣ್ಣ ಶಾಶ್ವತವಾಗಿ ನಿಲ್ಲಲಿ ಅಂತ ಮಾಡುವುದೇ ಇದನ್ನ, ಒಣಗಿದ ಮೇಲೆ ಇಸ್ತ್ರಿ ಹಾಕುತ್ತಾರೆ. ನಾನು ದುಡ್ಡು ಕೊಟ್ಟು ಅದನ್ನೇ ಮಾಡಿಸಿಕೊಂಡು ಬಂದಿದ್ದೆ! ಕಲೆ ಹೋಗಿದೆ ಅಂತ ಕಣ್ಣಾರೆ ನೋಡುವ ತನಕ ಇಸ್ತ್ರಿ ಬೇಡ, ಡ್ರೈಯರ್ ಬೇಡ, ಬಿಸಿನೀರೂ ಬೇಡ. ಅಂಗಡಿಗೆ ಕೊಡುವುದಾದರೆ ಅಕ್ರಿಲಿಕ್ ಅಂತ ಬಾಯಿಬಿಟ್ಟು ಹೇಳಿ, ಏನೇನು ಹಾಕಿದ್ದೀರೋ ಅದನ್ನೂ ಹೇಳಿ.

ಬುದ್ಧಿ ಬಂದ ಮೇಲೆ ಉಳಿದಿದ್ದ ಅದೇ ಬಣ್ಣವನ್ನು ಹಳೇ ಕಾಟನ್ ನೈಟಿಗೆ ಬೇಕಂತಲೇ ಹಚ್ಚಿ ನೋಡಿದೆ. ಹಸಿ ಇರುವಾಗ ಚಮಚದ ಅಂಚಿನಿಂದ ಮೇಲಿನ ಗುಡ್ಡೆ ತೆಗೆದು, ಬಟ್ಟೆ ತಿರುಗಿಸಿ ಹಿಂದಿನಿಂದ ತಣ್ಣೀರು ಬಿಟ್ಟು, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ ಬೆರಳಲ್ಲಿ ತಿಕ್ಕಿದರೆ ಐದು ನಿಮಿಷದಲ್ಲಿ ಮಾಯ. ಹಿಂದಿನಿಂದ ಯಾಕೆ ಅಂದರೆ ಮುಂದಿನಿಂದ ಬಿಟ್ಟ ನೀರು ಬಣ್ಣವನ್ನು ಇನ್ನೂ ಒಳಕ್ಕೆ ತಳ್ಳುತ್ತೆ. ಒಣಗಿದ್ದಕ್ಕೆ ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್ ಕೆಲಸ ಮಾಡಿತು. ಕೆಳಗೆ ಬಿಳಿ ಬಟ್ಟೆ ಮಡಚಿಟ್ಟು, ಕಲೆ ಅದರ ಕಡೆ ಮುಖ ಮಾಡಿರುವ ಹಾಗೆ ಬೋರಲು ಹಾಕಿ, ಹಿಂದಿನಿಂದ ಸ್ಪಿರಿಟ್ ಒತ್ತುತ್ತಾ ಹೋದೆ. ಉಜ್ಜಲಿಲ್ಲ, ಬರೀ ಒತ್ತಿದ್ದು. ಬಣ್ಣ ಮೆತ್ತಗಾಗಿ ಕೆಳಗಿನ ಬಟ್ಟೆಗೆ ಇಳಿಯುತ್ತೆ, ಆಗಾಗ ಆ ಬಟ್ಟೆಯ ಜಾಗ ಬದಲಿಸುತ್ತಿರಬೇಕು. ಮುಕ್ಕಾಲು ಗಂಟೆ ಹಿಡಿಯಿತು, ಆಮೇಲೂ ತೆಳ್ಳಗೆ ನೆರಳು ಉಳಿಯಿತು. ಕಿಟಕಿ ತೆರೆದಿಟ್ಟು ಮಾಡಿ, ಹತ್ತಿರ ದೀಪ, ಒಲೆ ಏನೂ ಇರಬಾರದು. ಸ್ಪಿರಿಟ್ ಭಗ್ಗನೆ ಹತ್ತಿಕೊಳ್ಳುತ್ತೆ.

ಅತ್ತೆಯೊಬ್ಬರು ಬ್ಲೀಚ್ ಹಾಕು ಅಂದರು. ಅದೊಂದನ್ನು ಪುಣ್ಯಕ್ಕೆ ಮಾಡಲಿಲ್ಲ. ಬ್ಲೀಚ್ ರೇಷ್ಮೆಯನ್ನೂ ಉಣ್ಣೆಯನ್ನೂ ತಿಂದುಹಾಕುತ್ತೆ, ಇನ್ನು ಅದಕ್ಕೆ ಸ್ಪಿರಿಟ್ಟೋ ವಿನೆಗರ್ರೋ ಬಾತ್‌ರೂಮ್ ಆಸಿಡ್ಡೋ ಬೆರೆತರೆ ವಿಷದ ಗಾಳಿ ಏಳುತ್ತೆ. ಥಿನ್ನರ್ ಹಚ್ಚಿದ ಬಟ್ಟೆಯನ್ನು ವಾಷಿಂಗ್ ಮೆಷಿನ್‌ಗೆ ಹಾಕುವ ಐಡಿಯಾ ಕೊಟ್ಟವರೂ ಇದ್ದಾರೆ. ಬೆಂಕಿ ಹತ್ತಬಹುದು ಮಾರಾಯ್ರೆ, ಬೇಡ.

ಸೀರೆಗೂ ಸ್ಪಿರಿಟ್ ಇಟ್ಟು ನೋಡಿದೆ, ಮೂಲೆಯಲ್ಲಿ ಪರೀಕ್ಷೆ ಮಾಡಿಯೇ, ಜರಿ ಅಂಚಿನಿಂದ ದೂರ. ಮೂರು ಚುಕ್ಕಿ ಸುಮಾರಾಗಿ ಹೋದವು. ನಾಲ್ಕು ಹೋಗಲಿಲ್ಲ. ಈಗ ಉಡುವಾಗ ಆ ಜಾಗ ನೆರಿಗೆಯ ಒಳಮಡಿಕೆಗೆ ಬರುವ ಹಾಗೆ ಹಿಡಿಯುತ್ತೇನೆ, ಅಮ್ಮ ಇನ್ನೂ ನೋಡಿಲ್ಲ. ಹಸೆಮಣೆಯನ್ನು ತಂಗಿ ಹಾಲ್‌ನ ಗೋಡೆಗೆ ನೇತು ಹಾಕಿದ್ದಾಳೆ. ಬಂದವರೆಲ್ಲ ಚೆನ್ನಾಗಿದೆ ಅಂತಾರೆ, ಎಡಗಡೆ ಗಿಣಿಯ ಮುತ್ತಿನ ಸರ ಮಧ್ಯದಲ್ಲಿ ತುಂಡಾಗಿರುವುದನ್ನು ಇದುವರೆಗೆ ಯಾರೂ ಕೇಳಿಲ್ಲ.