ಸೂಲಗಿತ್ತಿಯ ದಿನಚರಿಯಿಂದ ಪರೀಕ್ಷೆಗೆ ಓದುವುದು: ಡುಹಿಸ್ಟರಿ ಜಾಲತಾಣದ ವಿಮರ್ಶೆ

ಅಮೆರಿಕದ ಪ್ರೌಢಶಾಲೆಗಳಲ್ಲಿ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಅಂದರೆ ಕಾಲೇಜು ಮಟ್ಟದ) ಅಮೆರಿಕ ಇತಿಹಾಸ ಪರೀಕ್ಷೆಗೆ ಓದುವವರು ಯುದ್ಧಗಳನ್ನೂ ಅಧ್ಯಕ್ಷರ ಹೆಸರುಗಳನ್ನೂ ಹೇಗೋ ನೆನಪಿಟ್ಟುಕೊಳ್ಳುತ್ತಾರೆ, ಆದರೆ ಆರಂಭ ಕಾಲದ ಸಾಮಾಜಿಕ ಇತಿಹಾಸಕ್ಕೆ ಬಂದಾಗ ತಡವರಿಸುತ್ತಾರೆ. ಮನೆಯೊಳಗಿನ ದುಡಿಮೆ, ಮದುವೆ, ಹೆರಿಗೆ, ಸಾಲ, ನೆರೆಹೊರೆಯ ಕೊಡುಕೊಳೆ ಇವುಗಳಿಗೆ ಒಂದು ತಾರೀಖನ್ನು ಅಂಟಿಸಲಾಗುವುದಿಲ್ಲ. ಹೀಗಾಗಿ ಪರೀಕ್ಷಾ ಕೈಪಿಡಿಗಳು ಈ ಭಾಗವನ್ನು ಹೆಡ್‌ರೈಟ್, ಹಾಫ್‌ವೇ ಕವನೆಂಟ್, ರಿಪಬ್ಲಿಕನ್ ಮದರ್‌ಹುಡ್ ಎಂಬ ಪಾರಿಭಾಷಿಕ ಪದಗಳ ಸಾಲಾಗಿ ಇಳಿಸಿಬಿಡುತ್ತವೆ. ವಿದ್ಯಾರ್ಥಿ ಅವುಗಳ ಅರ್ಥವನ್ನು ಬಾಯಿಪಾಠ ಮಾಡುತ್ತಾನೆ, ಆ ಪದಗಳ ಹಿಂದೆ ಇದ್ದ ಬದುಕು ಮಾತ್ರ ಅವನಿಗೆ ಕಾಣುವುದೇ ಇಲ್ಲ. ಡುಹಿಸ್ಟರಿ ಎಂಬ ಉಚಿತ ಜಾಲತಾಣವನ್ನು ಈ ಕೊರತೆಗೆ ಪರಿಹಾರವೆಂದು ಶಿಫಾರಸು ಮಾಡಬಹುದೇ ಎಂಬುದನ್ನು ಇಲ್ಲಿ ಪರಿಶೀಲಿಸಿದ್ದೇನೆ. ಪಠ್ಯಪುಸ್ತಕದ ಸ್ಥಾನವನ್ನು ಅದು ತುಂಬಲಾರದು; ಆದರೆ ಒಂದು ದಾಖಲೆಯನ್ನು ಹಿಡಿದು ಅದರಿಂದ ಸಮಾಜವನ್ನು ಓದಿ ತೆಗೆಯುವ ಕೌಶಲವನ್ನು ಕಲಿಸುವುದರಲ್ಲಿ ಅದಕ್ಕೆ ಸಾಟಿಯಾದ ಸಾಧನಗಳು ಕಡಿಮೆ.

ಈ ತಾಣದ ಕೇಂದ್ರದಲ್ಲಿರುವುದು ಮಾರ್ತಾ ಬ್ಯಾಲರ್ಡ್ ಎಂಬ ಸೂಲಗಿತ್ತಿಯ ದಿನಚರಿ. 1735ರಲ್ಲಿ ಮ್ಯಾಸಚೂಸೆಟ್ಸ್‌ನ ಆಕ್ಸ್‌ಫರ್ಡ್‌ನಲ್ಲಿ ಹುಟ್ಟಿದ ಆಕೆ ನಂತರ ಗಂಡ ಎಫ್ರಾಯಿಮ್‌ನೊಂದಿಗೆ ಕೆನಬೆಕ್ ನದಿಯ ದಡದ ಹ್ಯಾಲೋವೆಲ್ ಪಟ್ಟಣದಲ್ಲಿ ನೆಲೆಸಿದಳು. ಇಂದು ಮೇನ್ ರಾಜ್ಯದಲ್ಲಿರುವ ಆ ಪ್ರದೇಶ 1820ರವರೆಗೆ ಮ್ಯಾಸಚೂಸೆಟ್ಸ್‌ಗೇ ಸೇರಿತ್ತು. 1785ರಿಂದ 1812ರಲ್ಲಿ ತೀರಿಕೊಳ್ಳುವವರೆಗೆ ಆಕೆ ಹೆಚ್ಚುಕಡಿಮೆ ಪ್ರತಿದಿನ ಬರೆದಳು. ಈ ಅವಧಿಯಲ್ಲಿ ತಾನು ನೆರವಾದ ಎಂಟುನೂರಕ್ಕೂ ಹೆಚ್ಚು ಹೆರಿಗೆಗಳನ್ನು ದಾಖಲಿಸಿದಳು. ಹತ್ತೊಂಬತ್ತನೆಯ ಶತಮಾನದ ಸ್ಥಳೀಯ ಇತಿಹಾಸಕಾರರಿಗೆ ಇದು ಕ್ಷುಲ್ಲಕ ವಿವರಗಳ ರಾಶಿಯಾಗಿ ಕಂಡಿತ್ತು. ಇತಿಹಾಸಕಾರ್ತಿ ಲಾರೆಲ್ ಥ್ಯಾಚರ್ ಉಲ್ರಿಕ್ ಆ ಕ್ಷುಲ್ಲಕವೆಂಬ ವಿವರಗಳನ್ನೇ ಆಧಾರವಾಗಿಟ್ಟುಕೊಂಡು ಬರೆದ ಅಧ್ಯಯನಕ್ಕೆ 1991ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದ ಮೇಲೆ ದಿನಚರಿಯ ಸ್ಥಾನಮಾನ ಬದಲಾಯಿತು, ಮತ್ತು ಈ ಜಾಲತಾಣ ಹುಟ್ಟಿಕೊಂಡದ್ದೂ ಆ ಕೆಲಸದ ಮುಂದುವರಿಕೆಯಾಗಿಯೇ.

ತಾಣದಲ್ಲಿ ಹಸ್ತಪ್ರತಿಯ ಪುಟಗಳ ಚಿತ್ರಗಳೂ ಅದರ ಅಚ್ಚಿನ ಪಾಠವೂ ಇವೆ. ದಿನಾಂಕ ಹಿಡಿದು ಒಂದು ನಿರ್ದಿಷ್ಟ ದಿನಕ್ಕೆ ಹೋಗಬಹುದು, ಅಥವಾ ಒಂದು ಪದವನ್ನು ಕೊಟ್ಟು ಅದು ಬರುವ ಕಡೆಗಳನ್ನು ಹುಡುಕಬಹುದು. ಹದಿನೆಂಟನೆಯ ಶತಮಾನದ ಕೈಬರಹವನ್ನು ಓದುವ ಅಭ್ಯಾಸಕ್ಕೂ ಒಂದು ಭಾಗ ಮೀಸಲಾಗಿದೆ. ಪರೀಕ್ಷೆಯ ದೃಷ್ಟಿಯಿಂದ ನೋಡಿದರೆ ಈ ಕೈಬರಹದ ಅಭ್ಯಾಸ ಅನಗತ್ಯ, ಏಕೆಂದರೆ ಪರೀಕ್ಷೆಯಲ್ಲಿ ಇಂಥ ಬರಹಗಳು ಅಚ್ಚಕ್ಷರದಲ್ಲೇ ಬರುತ್ತವೆ. ಆದರೂ ಒಂದೆರಡು ಪುಟಗಳನ್ನು ಕಷ್ಟಪಟ್ಟು ಓದಿ ನೋಡುವುದು ಒಳ್ಳೆಯದು. ಕಾಗದದ ಅಂಚಿನವರೆಗೂ ಒತ್ತೊತ್ತಾಗಿ ತುಂಬಿರುವ ಆ ಅಕ್ಷರಗಳನ್ನು ಕಂಡಾಗ, ಬಿಡುವಿಲ್ಲದ ಒಬ್ಬ ಹೆಂಗಸು ಲೆಕ್ಕ ತಪ್ಪಬಾರದೆಂದು ಬರೆದಿಟ್ಟದ್ದು ಇದು ಎಂಬುದು ಯಾವ ಪೀಠಿಕೆಯೂ ಇಲ್ಲದೆ ತಿಳಿದುಬಿಡುತ್ತದೆ.

ಪರೀಕ್ಷೆ ಕೇಳುವುದೇನು ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ಒಟ್ಟು ಅಂಕದಲ್ಲಿ ಶೇಕಡಾ 25ರಷ್ಟು ತೂಕವಿರುವ ದಾಖಲೆ ಆಧಾರಿತ ಪ್ರಶ್ನೆಯಲ್ಲಿ ಏಳು ದಾಖಲೆಗಳನ್ನು ಕೊಟ್ಟು 60 ನಿಮಿಷಗಳಲ್ಲಿ ಪ್ರಬಂಧ ಬರೆಯಲು ಹೇಳುತ್ತಾರೆ. ದಾಖಲೆಯ ಸಾರಾಂಶ ಬರೆದರೆ ಸಾಲದು. ಬರೆದವರ ನಿಲುವು, ಉದ್ದೇಶ, ಸಂದರ್ಭ, ಓದುಗವರ್ಗ ಇವುಗಳಲ್ಲಿ ಒಂದಾದರೂ ವಾದಕ್ಕೆ ಹೇಗೆ ಸಂಬಂಧಿಸುತ್ತದೆ ಎಂದು ವಿವರಿಸಿದರೆ ಮಾತ್ರ ಅದಕ್ಕೆಂದು ಮೀಸಲಾದ ಅಂಕ ದಕ್ಕುತ್ತದೆ. ಹೆಚ್ಚಿನ ವಿದ್ಯಾರ್ಥಿಗಳು ಇಲ್ಲಿಯೇ ಎಡವುತ್ತಾರೆ, ಮತ್ತು ಇದಕ್ಕೆ ಕಾರಣವೂ ಸ್ಪಷ್ಟವಾಗಿದೆ: ಕೈಪಿಡಿಗಳಲ್ಲಿ ಅವರು ಅಭ್ಯಾಸ ಮಾಡುವ ದಾಖಲೆಗಳು ಬಹುಪಾಲು ಭಾಷಣಗಳು, ಕರಪತ್ರಗಳು, ಮನವಿಗಳು. ಅವು ಯಾರನ್ನೋ ಒಪ್ಪಿಸಲೆಂದು ಬರೆದವು, ಉದ್ದೇಶ ಮೇಲ್ನೋಟಕ್ಕೇ ಗೋಚರ. ಒಪ್ಪಿಸುವ ಗೋಜಿಗೆ ಹೋಗದ ದಿನಚರಿಯಂಥ ಬರಹ ಎದುರಾದಾಗ ಅವರ ಲೇಖನಿ ನಿಂತುಬಿಡುತ್ತದೆ. ಮಾರ್ತಾಳ ದಿನಚರಿಯ ಯಾವುದೇ ವಾರವನ್ನು ತೆಗೆದುಕೊಂಡು, ಆಕೆ ಇದನ್ನು ಏಕೆ ಬರೆದಳು, ಏನನ್ನು ಬರೆಯದೆ ಬಿಟ್ಟಳು, ಇದೇ ಸಂಗತಿಯನ್ನು ಆಕೆಯ ಗಂಡ ಬರೆದಿದ್ದರೆ ಏನು ಬದಲಾಗುತ್ತಿತ್ತು ಎಂದು ಕೇಳಿಕೊಳ್ಳುತ್ತ ಹೋದರೆ ಆ ಅಂಕಕ್ಕೆ ಬೇಕಾದ ಅಭ್ಯಾಸ ತಾನಾಗಿ ಆಗುತ್ತದೆ. ದಾಖಲೆ ಆಧಾರಿತ ಪ್ರಶ್ನೆಯ ವಿಷಯವನ್ನು 1754ರ ನಂತರದ ಕಾಲದಿಂದಲೇ ಆರಿಸುವುದರಿಂದ ದಿನಚರಿಯ ಅವಧಿ ಪೂರ್ತಿಯಾಗಿ ಆ ವ್ಯಾಪ್ತಿಯೊಳಗೆ ಬರುತ್ತದೆ ಎಂಬುದೂ ಅನುಕೂಲವೇ.

ವಿಷಯದ ಸಂಪತ್ತಿನ ಬಗ್ಗೆ ಹೇಳಬೇಕಾದದ್ದು ಬಹಳಷ್ಟಿದೆ. ಮೊದಲನೆಯದಾಗಿ ಮನೆಯ ಆರ್ಥಿಕತೆ. ಎಫ್ರಾಯಿಮ್ ಭೂಮಾಪಕ, ಗಿರಣಿ ನಡೆಸಿದವ. ಪಟ್ಟಣದ ದಾಖಲೆಗಳಲ್ಲಿ ಕಾಣುವುದು ಅವನ ಹೆಸರು. ಅದೇ ಮನೆಯಲ್ಲಿ ಹೆಣ್ಣುಮಕ್ಕಳೂ ಕೆಲಸದ ಹುಡುಗಿಯರೂ ಅಗಸೆ ನಾರನ್ನು ನೂತು, ಮಗ್ಗದಲ್ಲಿ ಬಟ್ಟೆ ನೇಯ್ದು, ಅದನ್ನು ನೆರೆಮನೆಯವರೊಂದಿಗೆ ವಿನಿಮಯ ಮಾಡಿಕೊಳ್ಳುತ್ತಿದ್ದ ಮತ್ತೊಂದು ಲೇವಾದೇವಿ ಇತ್ತು. ಅದು ಉಳಿದುಕೊಂಡಿರುವುದು ಮಾರ್ತಾ ಬರೆದಿಟ್ಟದ್ದರಿಂದ. ಹೆರಿಗೆಗೆ ಆಕೆಗೆ ಸಿಗುತ್ತಿದ್ದ ಸಾಮಾನ್ಯ ಸಂಭಾವನೆ ಆರು ಷಿಲಿಂಗ್, ಅದೂ ಎಷ್ಟೋ ಸಲ ನಗದಾಗಿ ಬರದೆ ಸಾಮಾನಿನ ರೂಪದಲ್ಲಿ ಬರುತ್ತಿತ್ತು. ಮದುವೆಯಾದ ಹೆಂಗಸಿಗೆ ಪ್ರತ್ಯೇಕ ಆಸ್ತಿಯ ಹಕ್ಕನ್ನು ನಿರಾಕರಿಸುತ್ತಿದ್ದ ಕವರ್ಚರ್ ನಿಯಮವನ್ನು ಪಠ್ಯಪುಸ್ತಕದಲ್ಲಿ ಎರಡು ಸಾಲಿನಲ್ಲಿ ಓದಿದವರು ಈ ಲೆಕ್ಕಗಳನ್ನು ನೋಡಬೇಕು: ಕಾನೂನಿನ ಕಣ್ಣಿಗೆ ಸ್ವಂತದ್ದೇನೂ ಇಲ್ಲದ ಹೆಂಗಸು ತನ್ನ ಗಳಿಕೆಯನ್ನೂ ಬರಬೇಕಾದ ಬಾಕಿಯನ್ನೂ ತಾನೇ ಬರೆದಿಡುತ್ತಿದ್ದಾಳೆ.

ಎರಡನೆಯದು ಕಾನೂನು ಮತ್ತು ನೀತಿ. ಮದುವೆಯಾಗದ ಹೆಣ್ಣು ಹೆರಿಗೆಯ ನೋವಿನಲ್ಲಿದ್ದಾಗ ಮಗುವಿನ ತಂದೆ ಯಾರೆಂದು ಸೂಲಗಿತ್ತಿ ಕೇಳುವುದು ಮ್ಯಾಸಚೂಸೆಟ್ಸ್‌ನಲ್ಲಿ ರೂಢಿಯಾಗಿತ್ತು. ಆಕೆ ಹೇಳಿದ ಹೆಸರಿಗೆ ನ್ಯಾಯಾಲಯದಲ್ಲಿ ಬೆಲೆಯಿತ್ತು. 1791ರಲ್ಲಿ ಸ್ಯಾಲಿ ಪಿಯರ್ಸ್ ಎಂಬ ಯುವತಿ ಹೀಗೆ ಹೇಳಿದ ಹೆಸರು ಮಾರ್ತಾಳ ಸ್ವಂತ ಮಗ ಜೊನಾಥನ್‌ನದು. ತಾಯಿ ಅದನ್ನೂ ಬರೆದಿಟ್ಟಳು. ಮರುವರ್ಷ ಅವರಿಬ್ಬರ ಮದುವೆಯಾಯಿತು. ಪ್ಯೂರಿಟನ್ ಸಂಯಮದ ಬಗ್ಗೆ ಕೈಪಿಡಿ ಕಟ್ಟಿಕೊಡುವ ಚಿತ್ರ ಒಂದೂವರೆ ಶತಮಾನದ ನಂತರದ ನ್ಯೂ ಇಂಗ್ಲೆಂಡ್‌ಗೆ ಎಷ್ಟು ಹೊಂದುತ್ತದೆ ಎಂಬ ಪ್ರಶ್ನೆಯನ್ನು ಎತ್ತಲು ಈ ಒಂದು ನಮೂದು ಸಾಕು. ಬದಲಾವಣೆ ಮತ್ತು ನಿರಂತರತೆಯ ಬಗ್ಗೆ ದೀರ್ಘ ಪ್ರಬಂಧ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸುಲಭವಾಗಿ ಸಿಗದು.

ಭೂಮಿಯ ಜಗಳವೂ ಇಲ್ಲಿದೆ. ದೊಡ್ಡ ಭೂಮಾಲೀಕರ ಪರವಾಗಿ ಅಳತೆಗೆ ಹೋದ ಎಫ್ರಾಯಿಮ್‌ನನ್ನು 1795ರಲ್ಲಿ ಶಸ್ತ್ರಧಾರಿಗಳಾದ ನೆಲಸಿಗರು ಅಡ್ಡಗಟ್ಟಿದರು. ತೆರಿಗೆ ವಸೂಲಿಗಾರನಾಗಿ ಉಳಿಸಿಕೊಂಡ ಬಾಕಿಗಾಗಿ 1804ರಲ್ಲಿ ಅದೇ ಮನುಷ್ಯ ಸೆರೆಮನೆ ಸೇರಿದ. ಮ್ಯಾಸಚೂಸೆಟ್ಸ್‌ನ ಸಾಲಗಾರ ರೈತರು ಎದ್ದ 1786ರ ಶೇಸ್ ಬಂಡಾಯವನ್ನು ಸಂವಿಧಾನಕ್ಕೆ ಮುನ್ನುಡಿಯೆಂದಷ್ಟೇ ಓದಿದವರಿಗೆ ಸಾಲ ಮತ್ತು ಜಮೀನಿನ ಆ ಒತ್ತಡ ಸಂವಿಧಾನದ ನಂತರವೂ ಮುಂದುವರಿದದ್ದು ಇಲ್ಲಿ ಕಾಣುತ್ತದೆ.

ಇನ್ನು ದೋಷಗಳು. ತಾಣದ ವಿನ್ಯಾಸ 2000ದ ಆಸುಪಾಸಿನದು, ಮೊಬೈಲ್ ಪರದೆಯಲ್ಲಿ ಓದುವವರಿಗೆ ಹಿತವಾಗಿಲ್ಲ. ಅಚ್ಚಿನ ಪಾಠ ಮಾರ್ತಾಳ ಕಾಗುಣಿತವನ್ನೇ ಉಳಿಸಿಕೊಂಡಿರುವುದರಿಂದ, ಒಂದೇ ಪದವನ್ನು ಆಕೆ ಹಲವು ಬಗೆಯಲ್ಲಿ ಬರೆದಿರುವ ಕಡೆ ಇಂದಿನ ಕಾಗುಣಿತದಲ್ಲಿ ಹುಡುಕಿದವರಿಗೆ ಅರ್ಧ ಫಲಿತಾಂಶವೂ ಸಿಗುವುದಿಲ್ಲ. ಗಂಡನನ್ನು ಆಕೆ ಸಾಮಾನ್ಯವಾಗಿ ಮಿಸ್ಟರ್ ಬ್ಯಾಲರ್ಡ್ ಎಂದೇ ಕರೆಯುತ್ತಾಳೆ ಎಂಬಂಥ ಸಣ್ಣ ಸಂಗತಿಗಳು ಮೊದಲೇ ಗೊತ್ತಿದ್ದರೆ ಹುಡುಕಾಟ ಹಗುರವಾಗುತ್ತದೆ. ಹಾಗೆಯೇ ಇದು ಪರೀಕ್ಷೆಗೆಂದು ಕಟ್ಟಿದ ತಾಣವಲ್ಲ. ಮಾದರಿ ಪ್ರಶ್ನೆಗಳಾಗಲಿ ಅಂಕ ಕೊಡುವ ಮಾನದಂಡವಾಗಲಿ ಇಲ್ಲಿಲ್ಲ, ಆ ಕೆಲಸವನ್ನು ಶಿಕ್ಷಕರೋ ವಿದ್ಯಾರ್ಥಿಯೋ ಮಾಡಿಕೊಳ್ಳಬೇಕು. ನನ್ನ ಅಭಿಪ್ರಾಯದಲ್ಲಿ ಇದು ಕೊರತೆಗಿಂತ ಹೆಚ್ಚಾಗಿ ಒಂದು ಪುಣ್ಯ. ಎಲ್ಲವನ್ನೂ ಪ್ರಶ್ನೋತ್ತರವಾಗಿ ಜಗಿದು ಕೊಡುವ ಸಾಮಗ್ರಿ ಮಾರುಕಟ್ಟೆಯಲ್ಲಿ ಈಗಾಗಲೇ ಬೇಕಾದಷ್ಟಿದೆ.

ನಿಜವಾದ ಮಿತಿ ಬೇರೆಡೆ ಇದೆ. ಇದು ಒಂದು ಪಟ್ಟಣದ, ಒಬ್ಬ ಬಿಳಿಯ ಪ್ರಾಟೆಸ್ಟಂಟ್ ಹೆಂಗಸಿನ ಬದುಕು. ತಾಯಿ ಗುಲಾಮಳಾಗಿದ್ದರೆ ಮಗುವೂ ಗುಲಾಮ ಎಂದು ವರ್ಜಿನಿಯಾ 1662ರಲ್ಲಿ ಮಾಡಿದ ಕಾನೂನಿನ ಅಡಿಯಲ್ಲಿ ಹೆರಿಗೆ ಎಂದರೆ ಏನಾಗಿತ್ತು ಎಂಬುದಕ್ಕೆ ಕೆನಬೆಕ್ ದಡದಲ್ಲಿ ಉತ್ತರವಿಲ್ಲ. ವರ್ಜಿನಿಯಾದ ನೆಲಸಿಗರು ಗವರ್ನರನ ವಿರುದ್ಧ ಎದ್ದ 1676ರ ಬೇಕನ್ ಬಂಡಾಯದ ನಂತರ ವರ್ಜಿನಿಯಾ, ಮೇರಿಲ್ಯಾಂಡ್‌ಗಳ ಚೆಸಪೀಕ್ ಪ್ರದೇಶದ ತೋಟಗಾರರು ಕರಾರು ಕೂಲಿಗಳಿಂದ ಗುಲಾಮರ ಕಡೆಗೆ ಹೆಚ್ಚು ಹೆಚ್ಚಾಗಿ ವಾಲಿದ್ದು, 1739ರಲ್ಲಿ ದಕ್ಷಿಣ ಕೆರೊಲಿನಾದ ಸ್ಟೋನೊದಲ್ಲಿ ಗುಲಾಮರು ದಂಗೆ ಎದ್ದದ್ದು, ಇವೆಲ್ಲ ಪರೀಕ್ಷೆಗೆ ಅನಿವಾರ್ಯವಾದ ವಿಷಯಗಳು. ಅದೇ ಕೆನಬೆಕ್ ಕಣಿವೆಯಲ್ಲಿ ಮೊದಲಿಂದ ಇದ್ದ ಅಬೆನಾಕಿ ಜನರ ದೃಷ್ಟಿಯೂ ಈ ದಿನಚರಿಯಲ್ಲಿ ಸಿಗುವುದಿಲ್ಲ. ಹೀಗಾಗಿ ಇದರ ಜೊತೆಗೆ, ಗುಲಾಮರನ್ನು ಸಾಗಿಸಿದ ಹಡಗು ಯಾನಗಳ ಲೆಕ್ಕವಿರುವ ಸ್ಲೇವ್ ವಾಯೇಜಸ್ ದತ್ತಾಂಶ ತಾಣವನ್ನೂ ತೆರೆದಿಟ್ಟುಕೊಳ್ಳುವುದು ಅಗತ್ಯ. ಆಫ್ರಿಕಾದಿಂದ ಹಡಗು ಹತ್ತಿಸಲಾದ ಸುಮಾರು 1 ಕೋಟಿ 25 ಲಕ್ಷ ಜನರಲ್ಲಿ ಉತ್ತರ ಅಮೆರಿಕದ ಮುಖ್ಯ ಭೂಭಾಗಕ್ಕೆ ನೇರವಾಗಿ ಬಂದಿಳಿದವರು 4 ಲಕ್ಷಕ್ಕೆ ತುಸು ಕಡಿಮೆ ಎಂಬ ಅಂದಾಜು ಅಲ್ಲಿ ಸಿಗುತ್ತದೆ. 1790ರ ಮೊದಲ ಜನಗಣತಿಯ ಹೊತ್ತಿಗೇ ಅಮೆರಿಕದಲ್ಲಿ ಸುಮಾರು 7 ಲಕ್ಷ ಗುಲಾಮರಿದ್ದರು ಎಂಬುದನ್ನು ಅದರ ಪಕ್ಕದಲ್ಲಿಟ್ಟು ನೋಡಿದ ವಿದ್ಯಾರ್ಥಿ, ಗುಲಾಮಗಿರಿ ಹುಟ್ಟಿನಿಂದ ಬೆಳೆದ ಬಗೆಯನ್ನು ತಾನೇ ಕಂಡುಕೊಳ್ಳುತ್ತಾನೆ. ಒಂದು ತಾಣದಲ್ಲಿ ಹೆಸರಿರುವ ಒಬ್ಬಳ ದಿನದಿನದ ವಿವರ, ಇನ್ನೊಂದರಲ್ಲಿ ಬಹುಪಾಲು ಹೆಸರೇ ಇಲ್ಲದವರ ಎಣಿಕೆ. ಆಕರಗಳ ಈ ಅಸಮಾನತೆಯೇ ಒಳ್ಳೆಯ ಪ್ರಬಂಧವೊಂದಕ್ಕೆ ವಸ್ತು.

ಪರೀಕ್ಷೆ ನಡೆಯುವುದು ಮೇ ತಿಂಗಳಲ್ಲಿ. ಏಪ್ರಿಲ್ ಕೊನೆಯಲ್ಲಿ ಈ ದಿನಚರಿಯನ್ನು ತೆರೆಯುವವರಿಗೆ ಇದು ಸಮಯ ನುಂಗುವ ಹೊರೆಯಾಗುತ್ತದೆ, ಅವರು ಕೈಪಿಡಿಯನ್ನೇ ನಂಬಿಕೊಳ್ಳುವುದು ಲೇಸು. ತರಗತಿಯ ಪಾಠ ಮೂರನೆಯ ಕಾಲಘಟ್ಟಕ್ಕೆ, ಅಂದರೆ 1754ರಿಂದ 1800ರವರೆಗಿನ ಭಾಗಕ್ಕೆ ಬಂದ ವಾರಗಳಲ್ಲಿ, ಪ್ರತಿ ಸಲ ಒಂದೇ ಒಂದು ತಿಂಗಳ ನಮೂದುಗಳನ್ನು ಓದಿ, ಅದರಿಂದ ಮೂರೇ ವಾಕ್ಯಗಳ ವಾದವನ್ನು ಬರೆದು, ಅದನ್ನು ಯಾರಿಗಾದರೂ ತೋರಿಸಿ ತಿದ್ದಿಸಿಕೊಳ್ಳುವವರಿಗೆ ಮಾತ್ರ ಇದನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ.